ಈಜುಕೊಳದ ಕೀಲಿ ಕೋಣೆಯಿಂದ, ನನ್ನ ಚರ್ಮದ ಪರವಾಗಿ

ಮಾನ್ಯ ನಗರ ಆರೋಗ್ಯಾಧಿಕಾರಿಗಳೇ,

ಸಾರ್ವಜನಿಕ ಈಜುಕೊಳದ ಶಿಕ್ಷಕಿಯಾದ ನನ್ನನ್ನು ತಾವು ನೀರಿನಿಂದ ಎಬ್ಬಿಸಿ, ಬಂದವರಿಗೆ ಬೀರುವಿನ ಕೀಲಿ ಕೊಡುವ ಕೋಣೆಯಲ್ಲಿ ಕೂರಿಸಿದ್ದೀರಿ. ಕಾರಣ, ನನ್ನ ಕುತ್ತಿಗೆಯಿಂದ ಎಡತೋಳಿನವರೆಗೆ ಪಟ್ಟಿಯಾಗಿ ಇಳಿದಿರುವ ಬಿಳಿ ಮಚ್ಚೆ. ಮಚ್ಚೆ ಪೂರ್ತಿ ಮಾಯವಾದ ಮೇಲೆ ಮತ್ತೆ ನೀರಿಗಿಳಿಯಬಹುದೆಂದು ಆದೇಶದ ಕೊನೆಯಲ್ಲಿ ದಯೆಯನ್ನೂ ತೋರಿದ್ದೀರಿ. ಚರ್ಮದ ಡಾಕ್ಟರು ಅದು ಹೋಗದೆಯೂ ಇರಬಹುದು ಎನ್ನುತ್ತಾರೆ. ಹಾಗಾದರೆ ಇದು ವರ್ಗಾವಣೆಯೋ, ಜೀವಾವಧಿ ಶಿಕ್ಷೆಯೋ?

ಕೋಣೆಯನ್ನು ತಾವು ನೋಡಿಲ್ಲ, ಹೇಳುತ್ತೇನೆ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಕಿಟಕಿಯಿಲ್ಲ, ಕೊಳದ ಕಡೆಗೆ ತೆರೆಯಲು ಬಾರದ ಒಂದು ಗಾಜಿದೆ. ಕ್ಲೋರಿನ್ ವಾಸನೆ ಒಳಗೆ ಬರುತ್ತದೆ, ಗಾಳಿ ಬರುವುದಿಲ್ಲ. ಗಾಜಿನಾಚೆ ಹೊಸಬರು ನೀರು ಕುಡಿದು ಕೆಮ್ಮುವುದನ್ನು ನೋಡುತ್ತಾ ಕೂರುತ್ತೇನೆ. ಮಲಗಿ ತೇಲುವುದನ್ನು ಕಲಿಸುವಾಗ ಬೆನ್ನಡಿ ಅಂಗೈ ಇಟ್ಟಿರಬೇಕು, ಕಲಿಯುವವರಿಗೆ ಗೊತ್ತಾಗದ ಹಾಗೆ ಅದನ್ನು ತೆಗೆಯಬೇಕು. ನನಗೆ ಬರುವ ವಿದ್ಯೆ ಇದೊಂದೇ. ಇನ್ನೊಂದು ಸೋಜಿಗ ನೋಡಿ: ದಿನವಿಡೀ ಜನ ಒದ್ದೆ ಕೈಯಲ್ಲಿ ನನ್ನ ಕೈಯಿಂದಲೇ ಕೀಲಿ ತೆಗೆದುಕೊಳ್ಳುತ್ತಾರೆ. ನಿಮ್ಮ ಆದೇಶದ ಪ್ರಕಾರ ನನ್ನ ರೋಗಕ್ಕೆ ಈಜು ಬರುತ್ತದೆ, ಕೀಲಿಯ ಕಬ್ಬಿಣದ ಮೇಲೆ ನಡೆಯಲು ಬರುವುದಿಲ್ಲ.

ಡಾಕ್ಟರು ನನಗೆ ಬಿಡಿಸಿ ಹೇಳಿದ್ದನ್ನು ತಮಗೂ ಹೇಳುತ್ತೇನೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳೂ ಮೈಯ ಹಲವು ನರಕಣಗಳೂ ಗರ್ಭದಲ್ಲಿ ಒಂದೇ ಮೂಲದಿಂದ ಹುಟ್ಟುತ್ತವಂತೆ. ಒಡಹುಟ್ಟಿದವು, ಬೇರೆ ಮನೆ ಸೇರಿದರೂ ನಂಟು ಕಡಿದುಕೊಂಡಿಲ್ಲ. ನರಗಳನ್ನು ಬೆಳೆಸಿ ಕಾಪಾಡುವ ಒಂದು ಪ್ರೋಟೀನನ್ನು ಚರ್ಮದ ಹೊರಪದರದ ಕಣಗಳೂ ಒಸರುತ್ತವೆ. ಬಣ್ಣದ ಕಣದ ಮೈಮೇಲೆ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿರುತ್ತವೆ. ಹಿಡಿದುಕೊಂಡಾಗ ಆ ಕಣ ತನ್ನ ಎಳೆಗಳನ್ನು ಚಾಚುತ್ತದೆ, ಬಿಸಿಲಿನ ಏಟು ಬಿದ್ದರೂ ಬೇಗ ಸಾಯುವುದಿಲ್ಲ. ಈ ಕೊಡುಕೊಳ್ಳುವಿಕೆ ಏರುಪೇರಾಗುವುದೂ ತೊನ್ನಿಗೆ ಒಂದು ಕಾರಣವೇ ಎಂದು ತಿಳಿದವರು ಇನ್ನೂ ಹುಡುಕುತ್ತಿದ್ದಾರೆ. ನನ್ನಂತೆ ಒಂದೇ ಮಗ್ಗುಲಿಗೆ ಇಳಿದ ಮಚ್ಚೆಯಲ್ಲಿ ನರಗಳ ಮೇಲೆ ಅನುಮಾನ ಹೆಚ್ಚು. ದೇಹ ತನ್ನ ಬಣ್ಣದ ಕಣಗಳ ಮೇಲೆ ತಾನೇ ತಿರುಗಿ ಬೀಳುವುದೂ ಉಂಟು. ಇದಿಷ್ಟರಲ್ಲಿ ಎಲ್ಲಾದರೂ ಕ್ರಿಮಿ ಕಂಡಿತೇ, ಮಾನ್ಯರೇ?

“ಮುಟ್ಟಿದ್ರೆ ಅಂಟೋದಾಗಿದ್ರೆ ಮೊದಲು ನಂಗೇ ಅಂಟ್ಬೇಕಿತ್ತಲ್ಲಮ್ಮಾ,” ಎಂದರು ಡಾಕ್ಟರು. ಅದನ್ನೇ ಬರೆದುಕೊಡಿ ಎಂದೆ, ಕೊಟ್ಟರು. ನಿಮ್ಮ ಕಚೇರಿ ಅದನ್ನು ಹಿಂದಿರುಗಿಸಿತು: ಅಂಟುವುದಿಲ್ಲ ಎಂದಿದೆ, ವಾಸಿಯಾಗಿದೆ ಎಂದಿಲ್ಲವಂತೆ. ಚಿಕಿತ್ಸೆಗೆ ರಜೆ ಕೇಳಿದರೆ ಅದೇ ಕಚೇರಿ, ತೊನ್ನು ರೋಗವಲ್ಲ, ಬರೀ ಅಂದಚಂದದ ವಿಷಯ ಎಂದಿತು. ನೀರಿಗಿಳಿಯುವಾಗ ರೋಗ, ರಜೆ ಕೇಳುವಾಗ ಅಂದಚಂದ. ಅತ್ತ ದರಿ, ಇತ್ತ ಪುಲಿ.

ನೀರು ಕೆಟ್ಟದ್ದು ನಿಜವಲ್ಲವೇ ಎಂದು ತಾವು ಕೇಳಬಹುದು. ನಿಜ, ಒಂದು ದಿನ ಕೆಟ್ಟಿತು. ನಿಮ್ಮ ನಿರೀಕ್ಷಕರು ಮೊದಲ ಸಲ ತಕರಾರು ತೆಗೆದಾಗ ನಮ್ಮ ಮೇಲ್ವಿಚಾರಕರು ಹೆದರಿದರು. ಒಳ್ಳೆಯ ಮನುಷ್ಯ, ನನ್ನ ಕೆಲಸ ಉಳಿಯಲೆಂದು ನಾಟಕದವರು ಹಚ್ಚುವ ಬಣ್ಣ ತಂದುಕೊಟ್ಟರು. ನೀರಿಗೆ ಜಗ್ಗುವುದಿಲ್ಲವೆಂದು ಡಬ್ಬಿಯ ಮೇಲೆ ಬರೆದಿತ್ತು. ಹಚ್ಚಿಕೊಂಡು ಇಳಿದೆ. ಹೆಂಗಸರ ತರಗತಿಯ ನಡುವೆ ನನ್ನ ತೋಳಿನಿಂದ ಕಂದು ಬಣ್ಣ ಎಳೆಎಳೆಯಾಗಿ ಬಿಟ್ಟುಕೊಂಡಿತು. ಒಬ್ಬರು ಚೀರಿದರು, ಕೊಳ ಖಾಲಿಯಾಯಿತು. ನಿಮ್ಮ ನಿರೀಕ್ಷಕರು ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋಗಿ, ‘ರೋಗಪೀಡಿತ ಚರ್ಮ ಕರಗಿರುವುದು ಕಂಡುಬಂದಿದೆ’ ಎಂದು ಬರೆದರು. ನಿಮ್ಮ ಆದೇಶ ಹುಟ್ಟಿದ್ದು ಅದರಿಂದ. ಮಚ್ಚೆ ಹೊತ್ತು ವರ್ಷಗಟ್ಟಲೆ ಈಜಿದಾಗ ತಿಳಿಯಾಗಿದ್ದ ನೀರು, ನಿಮ್ಮ ಕಣ್ಣಿಗೆ ಹಿತವಾಗಲೆಂದು ಮುಚ್ಚಿಕೊಂಡ ದಿನವೇ ರಾಡಿಯಾಯಿತು. ಇದಕ್ಕೆ ನಗಬೇಕೋ ಅಳಬೇಕೋ ನನಗೆ ಇನ್ನೂ ತಿಳಿದಿಲ್ಲ.

ಇಷ್ಟನ್ನೂ ನುಂಗಿಕೊಂಡಿದ್ದೆ. ಆಮೇಲೆ ತಾವು ಕೊಳದ ಗೇಟಿಗೆ ಒಂದು ಫಲಕ ಹಾಕಿಸಿದಿರಿ: ‘ಚರ್ಮರೋಗವಿರುವ ಸಿಬ್ಬಂದಿಯನ್ನು ದೂರವಿಡಲಾಗಿದೆ. ಸಾರ್ವಜನಿಕರು ಆತಂಕಪಡಬೇಕಾಗಿಲ್ಲ.’ ನನ್ನ ತಂಗಿಯ ಮಗಳಿಗೆ ಈಗಷ್ಟೇ ಓದಲು ಬರುತ್ತಿದೆ. ದಾರಿಯಲ್ಲಿ ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ. ನನ್ನ ಅಂಗೈ ಮೇಲೆ ತೇಲಲು ಕಲಿತ ಮಗು ಅದು. ನನ್ನ ಕೈ ಹಿಡಿದುಕೊಂಡೇ ಆ ಫಲಕವನ್ನೂ ಓದಿದಳು. ತೊಡಕಿದ ಒತ್ತಕ್ಷರಗಳನ್ನು ನಾನೇ ಬಿಡಿಸಿ ಹೇಳಿಕೊಟ್ಟೆ. ಅವತ್ತು ಸಂಜೆ ಸ್ನಾನ ಮಾಡಿಸುವಾಗ ಬೆನ್ನಿಗೆ ಸೋಪು ಹಚ್ಚಲು ಹೋದರೆ ಗೋಡೆಗೆ ಸರಿದು ನಿಂತಳು.

“ದೊಡ್ಡಮ್ಮಾ, ನೀನು ದೂರ ಇರ್ಬೇಕಂತೆ.”

ಚೊಂಬು ಹಿಡಿದು ನಿಂತೇ ಇದ್ದೆ. ಕೊನೆಗೆ ತಂಗಿ ಬಂದು ಸ್ನಾನ ಮುಗಿಸಿದಳು. ನಾನು ಹಿತ್ತಲಿಗೆ ಹೋಗಿ ಅತ್ತೆ.

ನನ್ನನ್ನು ನೀರಿಗೆ ಮರಳಿಸಿ. ಆದೇಶ ಹಿಂಪಡೆದದ್ದನ್ನು ಕಡತದೊಳಗೆ ಗುಟ್ಟಾಗಿ ಇಡಬೇಡಿ. ತೊನ್ನು ಅಂಟುವುದಿಲ್ಲ, ಶಿಕ್ಷಕಿ ನೀರಿನಲ್ಲೇ ಇದ್ದಾರೆ ಎಂದು ಅದೇ ಗೇಟಿಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿ. ಮನೆಯಲ್ಲಿ ನಾನು ಎಷ್ಟು ಹೇಳಿದರೂ ಮಗು ನಂಬುತ್ತಿಲ್ಲ. ಬೋರ್ಡಿನಲ್ಲಿ ಬರೆದದ್ದು ಸುಳ್ಳಿರುವುದಿಲ್ಲ ಎನ್ನುತ್ತಾಳೆ.

ಇಂತಿ,
ನೀರಿನ ಪಕ್ಕದಲ್ಲೇ ಒಣಗಿ ಕುಳಿತಿರುವ,
ತಮ್ಮ ಈಜು ಶಿಕ್ಷಕಿ