ಪಕ್ಕದ ಸೀಟಿನ ಬ್ರೇಕ್

ಜನವರಿ 12

ಮಾತ್ರೆ ನುಂಗಿದೆ. ಸಂಜೆ ಎಂಟಕ್ಕೆ ಸರಿಯಾಗಿ ಆಸ್ಪತ್ರೆಯ ಹುಡುಗಿಯ ಫೋನ್.

"ತಗೊಂಡ್ರಾ ಅಮ್ಮ? ಎದೆ ಹೇಗಿದೆ ಇವತ್ತು?"

"ಇದೆ."

ನಕ್ಕಳು. ಊಟ ಏನೆಂದು ಕೇಳಿದಳು. ನಿನ್ನೆಯದೇ ಅಂದೆ. ಬೈದಳು. ಬೈಸಿಕೊಂಡು ಎಷ್ಟು ದಿನವಾಗಿತ್ತು!

ಆಸ್ಪತ್ರೆಯಲ್ಲಿ ಹೊಸ ಮಾತ್ರೆಯ ಟ್ರಯಲ್, ನನ್ನಂಥ ಎದೆಯವರಿಗೆ. ಅರ್ಧ ಜನಕ್ಕೆ ಮದ್ದು, ಇನ್ನರ್ಧ ಜನಕ್ಕೆ ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿಲ್ಲವಂತೆ. ನನಗೆ ಗೊತ್ತು. ನನ್ನದು ಮದ್ದೇ. ನುಂಗಿದ ಮೇಲೆ ಬಾಯಿ ಒಣಗುತ್ತದೆ. ಸುಮ್ಮಸುಮ್ಮನೆ ಒಣಗುತ್ತದೆಯೇ?

ಪುಟ್ಟಿ ತೀರಿಕೊಂಡ ವಾರವೇ ನನ್ನ ಎದೆ ಕೈಕೊಟ್ಟಿತ್ತು. ಪುಟ್ಟಿ ಎಂದರೆ ತಂಗಿ. ಐವತ್ತು ದಾಟಿದ್ದರೂ ನನಗೆ ಪುಟ್ಟಿಯೇ. ಒಂದು ಬೆಳಿಗ್ಗೆ ಏಳಲಿಲ್ಲ. ರಕ್ತನಾಳವೆಲ್ಲ ಸರಿಯಿದೆ, ದುಃಖಕ್ಕೆ ಹೃದಯ ಹೂಜಿಯ ಹಾಗೆ ಊದಿಕೊಂಡಿದೆ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಈಗ ಊತ ಇಳಿದಿದೆಯಂತೆ. ಹೆದರಿಕೆ ಇಳಿದಿಲ್ಲ.

ಜನವರಿ 20

ಓನರ್ ನನ್ನನ್ನು ಇನ್ನೂ ಬೋರ್ಡಿಗೇ ಕಟ್ಟಿಹಾಕಿದ್ದಾನೆ. ಬೆಳಗಿಂದ ಸಂಜೆವರೆಗೆ ಕೋಲು ಹಿಡಿದು ತೋರಿಸುವುದು — ಇದು ಎಡ ತಿರುವು, ಇದು ಹಂಪ್, ಇದು ಪ್ರವೇಶವಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ತಲೆ ನರೆಯುವ ತನಕ ಗಾಡಿ ಕಲಿಸಿದ್ದು ಇದಕ್ಕಾ!

ಗಾಡಿ ಕೊಡಪ್ಪಾ ಎಂದರೆ — "ಪಕ್ಕದ ಸೀಟಲ್ಲಿ ಕೂತು ನಿಮಗೇನಾದ್ರೂ ಆದ್ರೆ ಕಲಿಯೋರ ಗತಿ ಏನು ಮೇಡಂ?"

ನನ್ನ ಹೆದರಿಕೆಯೂ ಅದೇ. ಆದರೆ ಗಾಡಿ ಸಿಕ್ಕಿದರೆ ದಿನಕ್ಕೆ ನಾಲ್ಕು ಜನರ ಪಕ್ಕ ಕೂರಬಹುದು. ಮನೆಯಲ್ಲಿ ನನ್ನನ್ನು ಮಾತಾಡಿಸುವುದು ಒಂದು ಫೋನು.

ಸಂಜೆ ಹುಡುಗಿಗೆ ಹೇಳಿದೆ. "ನೋಡ್ತಾ ಇರಿ ಅಮ್ಮ, ಮುಂದಿನ ತಿಂಗಳು ಗಾಡೀಲಿ ಕೂತಿರ್ತೀರ."

"ನಿನ್ನ ಬಾಯಿಗೆ ಸಕ್ಕರೆ ಹಾಕ," ಅಂದೆ.

ಫೆಬ್ರವರಿ 3

ಕೂತೆ! ಡಾಕ್ಟರ ಚೀಟಿ ನೋಡಿ ಓನರ್ ಸುಮ್ಮನಾದ. ಹಳೇ ಗಾಡಿ, ಹಳೇ ಸೀಟು, ನನ್ನ ಕಾಲ ಕೆಳಗೆ ನನ್ನ ಬ್ರೇಕ್. ಕಲಿಯುವವರು ತಪ್ಪಿದರೆ ನಾನು ಒತ್ತಬೇಕಾದದ್ದು. ಅದಕ್ಕೇ ನಾನು ಎಲ್ಲರ ಬಾಯಲ್ಲಿ ಬ್ರೇಕ್ ಮೇಡಂ.

ಮೊದಲ ಗಿರಾಕಿ ಒಬ್ಬ ಟೈಲರಮ್ಮ. ಜೀವಮಾನವೆಲ್ಲ ಹೊಲಿಗೆ ಮೆಷಿನ್ನು ತುಳಿದ ಕಾಲು. ಆಕ್ಸಿಲರೇಟರನ್ನೂ ಹಾಗೇ ತುಳಿಯುತ್ತಾರೆ — ಟಕಟಕಟಕ. ಗಾಡಿ ಕುಪ್ಪಳಿಸಿಕೊಂಡು ಹೋಯಿತು.

"ಮೇಡಂ, ನನ್ನ ಕೈಲಾಗಲ್ಲ, ಇಳಿಸ್ಬಿಡಿ."

"ನನ್ನ ಕಾಲು ಬ್ರೇಕ್ ಮೇಲಿದೆ. ಹೋಗಿ."

ಈ ಒಂದು ಮಾತಿಗೆ ಎಂಥವರೂ ಮುಂದೆ ಹೋಗುತ್ತಾರೆ. ಕಾಲು ಎಲ್ಲಿದೆ ಎಂದು ಬಗ್ಗಿ ನೋಡಿದವರಿಲ್ಲ. ನಿಜ ಹೇಳಬೇಕೆಂದರೆ ಅರ್ಧ ಹೊತ್ತು ಚಪ್ಪಲಿ ಬಿಟ್ಟು ಆರಾಮಾಗಿರುತ್ತೇನೆ.

ಫೆಬ್ರವರಿ 27

ಎದೆ ಇದೆ ಎನ್ನುವುದೇ ಮರೆತುಹೋಗಿತ್ತು ಇವತ್ತು. ಎಂಥಾ ಮಾತ್ರೆ ಕಣಪ್ಪಾ!

ಹುಡುಗಿಯ ಹತ್ತಿರ ತುಂಬಾ ಹೊತ್ತು ಮಾತು. ಹಾಸ್ಟೆಲ್ಲಿನಲ್ಲಿ ಅವಳ ಬಕೆಟ್ಟು ಯಾರೋ ಎತ್ತಿಕೊಂಡು ಹೋಗುತ್ತಾರಂತೆ. ಬಕೆಟ್ಟಿನ ಮೇಲೆ ಹೆಸರು ಬರೆ ಅಂದೆ. ಪುಟ್ಟಿಯ ವಿಷಯ ಕೇಳಿದಳು. ನಮ್ಮ ಸ್ವಂತ ಗಾಡಿಯಲ್ಲಿ ಭಾನುವಾರ ಕೆರೆ ಏರಿಗೆ ಹೋಗುತ್ತಿದ್ದದ್ದು, ಲಾರಿ ಎದುರು ಬಂದರೆ ಸಾಕು, ಪಕ್ಕದಲ್ಲಿ ಕೂತ ಪುಟ್ಟಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದದ್ದು ಹೇಳಿದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ನಾನೂ. ಪುಟ್ಟಿ ಹೋದ ಮೇಲೆ ಅವಳ ವಿಷಯಕ್ಕೆ ನಕ್ಕಿದ್ದು ಇದೇ ಮೊದಲು.

ಆ ಗಾಡಿ ಆವತ್ತಿನಿಂದ ಕವರ್ ಹೊದ್ದುಕೊಂಡು ನಿಂತಿದೆ. ಅದನ್ನು ಮಾತ್ರ ಮುಟ್ಟಲಾರೆ. ಸ್ಕೂಲಿನ ಗಾಡಿಯಲ್ಲಿ ಪಕ್ಕದಲ್ಲಿ ಯಾರಾದರೂ ಇರುತ್ತಾರೆ.

ಮಾರ್ಚ್ 30

ಎಂಟು ಗಂಟೆಗೆ ಫೋನ್ ಬರಲಿಲ್ಲ. ಎಂಟೂವರೆಗೆ ಬಂತು — ಯಾವುದೋ ಗಂಡಸು, ಆಸ್ಪತ್ರೆಯ ಆಫೀಸಿನವನಂತೆ. ರೈಲು ಹಿಡಿಯುವವನ ಹಾಗೆ ಮಾತಾಡಿದ.

"ಟ್ರಯಲ್ ಮುಗೀತು ಮೇಡಂ. ನಿಮ್ಮದು ಶುಗರ್ ಮಾತ್ರೆ. ಮುಂದಿನ ವಾರ ಡಾಕ್ಟರನ್ನ ನೋಡಿ. ಉಳಿದಿರೋದು ತಗೊಂಡ್ರೂ ಪರವಾಗಿಲ್ಲ, ಬಿಟ್ರೂ ಪರವಾಗಿಲ್ಲ."

"ದಿನಾ ಫೋನ್ ಮಾಡೋ ಹುಡುಗಿ...?"

"ಕಾಲ್ಸೂ ಕ್ಲೋಸ್ ಆಯ್ತು." ಇಟ್ಟ.

ಶುಗರ್ ಮಾತ್ರೆ! ನನಗೆ ಶುಗರ್ ಇಲ್ಲ. ಶುಗರ್ ಇದ್ದದ್ದು ಪುಟ್ಟಿಗೆ. ಇಷ್ಟು ತಿಂಗಳು ಪುಟ್ಟಿ ನುಂಗುತ್ತಿದ್ದ ಮಾತ್ರೆ ನನಗೆ ನುಂಗಿಸಿದರೇ? ಶುಗರ್ ಇಲ್ಲದವರು ನುಂಗಿದರೆ ಏನಾಗುತ್ತದೆ ಎಂದು ಅವನಿಗೇನು ಗೊತ್ತು. ಪುಟ್ಟಿಗೆ ಶುಗರ್ ಬಿದ್ದಾಗ ನೋಡಿದವಳು ನಾನು — ಬೆವರು, ನಡುಕ, ಕಣ್ಣು ಮೇಲೆ ಸಿಕ್ಕಿಕೊಳ್ಳುವುದು.

ಬಿಡಲೂ ಭಯ. "ಶುಗರ್ ಮಾತ್ರೆ ಒಮ್ಮೆಲೇ ನಿಲ್ಲಿಸಬಾರದು" — ಅವಳ ಡಾಕ್ಟರು ಹೇಳುತ್ತಿದ್ದ ಮಾತು.

ಏಪ್ರಿಲ್ 1

ಮಾತ್ರೆ ನುಂಗಿ ಮೇಲೆ ಎರಡು ಚಮಚ ಸಕ್ಕರೆ ತಿಂದೆ. ಆದರೂ ಕೈ ನಡುಗುತ್ತಿದೆ. ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಬೆವರು. ಎದೆ ಡವಡವ... ಎರಡು ತಿಂಗಳಿಂದ ಇಲ್ಲದ್ದು.

ಎಂಟಾಯಿತು. ಯಾರೂ ಮಾಡಲಿಲ್ಲ.

ಏಪ್ರಿಲ್ 4, ಮಧ್ಯಾಹ್ನ

ದೊಡ್ಡದೊಂದು ತಪ್ಪಿತು. ಇನ್ನೂ ಮೈ ಸ್ಥಿಮಿತಕ್ಕೆ ಬಂದಿಲ್ಲ.

ಟೈಲರಮ್ಮ ಓಡಿಸುತ್ತಿದ್ದರು, ಗೋಡೌನಿನ ಹಿಂದಿನ ರಸ್ತೆ. ನನಗೆ ಕಣ್ಣು ಮಂಜು, ಬಾಯಲ್ಲಿ ಚಾಕಲೇಟು. ಸಂದಿಯಿಂದ ಒಬ್ಬ ಕೈಗಾಡಿ ತಳ್ಳಿಕೊಂಡು ನುಗ್ಗಿದ — ಗಾಡಿ ತುಂಬ ಸಿಲಿಂಡರು. ನಾನು ಬ್ರೇಕ್ ತುಳಿದೆ. ಕಾಲು ಸೀದಾ ತಳಕ್ಕೆ ಹೋಯಿತು. ಹಿಡಿತವೇ ಇಲ್ಲ! ಸತ್ತೆವು ಅಂದುಕೊಂಡೆ.

ಗಾಡಿ ನಿಂತಿತು. ಕೈಗಾಡಿಗೂ ನಮಗೂ ಮೊಳದಷ್ಟು ದೂರ.

"ನೀವು ಹಿಡಿದ್ರಿ, ಬಚಾವಾದ್ವಿ ಮೇಡಂ," ಎಂದರು ಟೈಲರಮ್ಮ. ಮುಖ ಬಿಳಿಚಿತ್ತು. "ನೀವಿಲ್ದಿದ್ರೆ ಇವತ್ತು ಏನಾಗ್ತಿತ್ತೋ."

ಅವರನ್ನು ಮನೆಗೆ ಕಳಿಸಿದೆ. ಸ್ಕೂಲಿಗೆ ಬಂದು ಮೆಕ್ಯಾನಿಕ್ಕಿಗೆ ತೋರಿಸಿದೆ. ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಇದರ ಕಂಬಿ ಕಳಚಿ ಯಾವ ಕಾಲ ಆಯ್ತೋ! ನೀವು ಒತ್ತೇ ಇಲ್ವಾ ಮೇಡಂ?"

ಒತ್ತಿರಲಿಲ್ಲ. ಒತ್ತುವ ಪ್ರಮೇಯವೇ ಬಂದಿರಲಿಲ್ಲ. ಟೈಲರಮ್ಮ ಅಷ್ಟು ಚೆನ್ನಾಗಿ ಓಡಿಸುತ್ತಿದ್ದರು — ನನ್ನ ಕಾಲು ಬ್ರೇಕ್ ಮೇಲಿದೆ ಎಂದು ನಂಬಿಕೊಂಡು.

ಇವತ್ತೇ ಡಾಕ್ಟರನ್ನು ನೋಡಬೇಕು. ನನ್ನ ಶುಗರ್ ಹೀಗೆ ಬೀಳುತ್ತಿದ್ದರೆ ಜನರ ಪಕ್ಕ ಕೂರಬಾರದು.

ಅದೇ ದಿನ, ಸಂಜೆ

ಹೋದೆ. ಜಗಳಕ್ಕೇ ಹೋದೆ. "ಯಾರನ್ನ ಕೇಳಿ ನನಗೆ ಶುಗರ್ ಮಾತ್ರೆ ಕೊಟ್ರಿ ಡಾಕ್ಟ್ರೇ?"

ಬೆರಳು ಚುಚ್ಚಿಸಿ ನೋಡಿದರು. ಶುಗರ್ ಸರಿಯಾಗಿತ್ತು. ಆಮೇಲೆ ಹಣೆ ಹಿಡಿದುಕೊಂಡರು.

"ಅಯ್ಯೋ ಅಮ್ಮ, ಶುಗರ್ ಮಾತ್ರೆ ಅಂದ್ರೆ ಸಕ್ಕರೆ ಕಾಯಿಲೆ ಮಾತ್ರೆ ಅಲ್ಲ. ಸಕ್ಕರೇದೇ ಮಾತ್ರೆ! ಬರೀ ಸಕ್ಕರೆ. ಅರ್ಧ ಜನಕ್ಕೆ ಮದ್ದಿಲ್ಲದ್ದು ಅಂತ ಮೊದಲೇ ಹೇಳಿದ್ವಲ್ಲ, ಅದು."

"ಮತ್ತೆ ಈ ನಡುಕ, ಬೆವರು?"

"ಮಾತ್ರೆಯದ್ದಲ್ಲ. ನಡುಕ ನಿಜವೇ, ನೀವು ನಾಟಕ ಮಾಡ್ತಿಲ್ಲ. ಆದ್ರೆ ಹೆದರಿಕೆ ತಂದಿದ್ದು ಅದು."

"ಬಾಯಿ ಒಣಗ್ತಿದ್ದಿದ್ದು?"

"ಅದೂ ನಿಮ್ಮದೇ."

"ಎದೆ ನೆಟ್ಟಗಾಗಿದ್ದು?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದೂ ನಿಮ್ಮದೇ ಅಮ್ಮ."

ಸಮಾಧಾನಕ್ಕೆ ಹೇಳಿದ ಮಾತು. ನನಗೆ ಅವಮಾನವಾಯಿತು. ಹಗ್ಗವನ್ನು ಹಾವೆಂದುಕೊಂಡು ಹೆದರಿದ್ದಾದರೂ ಸರಿ, ಹಗ್ಗವನ್ನೇ ದೇವರೆಂದುಕೊಂಡು ಕೈ ಮುಗಿದಿದ್ದೆನಲ್ಲ!

ಏಪ್ರಿಲ್ 19

ನಡುಕ ಡಾಕ್ಟರ ಮೆಟ್ಟಿಲು ಇಳಿಯುವಾಗಲೇ ಹೋಯಿತು. ಅಷ್ಟು ಮರ್ಯಾದೆಗೆಟ್ಟ ನಡುಕ.

ಆದರೆ ಬೇರೆ ಏನೋ ಶುರುವಾಗಿದೆ. ಏಳೂಮುಕ್ಕಾಲಿನಿಂದ ಎದೆ ಹಿಡಿದುಕೊಳ್ಳುತ್ತದೆ. ಎಂಟೂವರೆಯ ತನಕ ಹಾಗೇ. ಆಮೇಲೆ ತಾನಾಗಿ ಬಿಡುತ್ತದೆ. ಇದಕ್ಕೆ ಯಾವ ಡಾಕ್ಟರೂ ಬೇಡ. ಒಂಟಿತನ ಇದು. ಬರೆದುಬಿಟ್ಟೆ.

ಏಪ್ರಿಲ್ 21

ಬ್ರೇಕ್ ರಿಪೇರಿಯಾಗಿದೆ. ನಾಳೆ ಟೈಲರಮ್ಮನ ಟೆಸ್ಟು. ಹೇಳಬೇಕೋ ಬೇಡವೋ ಎಂದು ಎರಡು ವಾರ ನುಂಗಿಕೊಂಡಿದ್ದೆ. ಹೇಳಿದರೆ ಧೈರ್ಯ ಕುಸಿದು ಫೇಲಾದರೆ? ಆದರೆ ನನಗೆ ಸುಳ್ಳು ಸಾಕಾಗಿತ್ತು.

"ಆವತ್ತು ಸಿಲಿಂಡರ್ ಗಾಡಿ ಬಂದಾಗ ಬ್ರೇಕ್ ಹಾಕಿದ್ದು ನಾನಲ್ಲ. ನನ್ನ ಬ್ರೇಕ್ ಕೆಟ್ಟಿತ್ತು. ನೀವೇ ನಿಲ್ಲಿಸಿದ್ದು."

ಸ್ಟೀರಿಂಗ್ ಹಿಡಿದುಕೊಂಡೇ ಕೂತರು. ಬೈಯುತ್ತಾರೆ ಅಂದುಕೊಂಡೆ.

"ನಾನಾ?"

"ನೀವೇ."

"ಹಾಗಾದ್ರೆ ನನಗೆ ಬರತ್ತೆ!" ಎಂದು ತೊಡೆ ತಟ್ಟಿಕೊಂಡರು. "ಅಲ್ರೀ ಮೇಡಂ, ನನಗೆ ಗಾಡಿ ಬರತ್ತೆ!" ಖುಷಿಗೆ ಹಾರ್ನನ್ನೂ ಒತ್ತಿಬಿಟ್ಟರು.

ಅದೇ ಮಾತು ಡಾಕ್ಟರು ನನಗೆ ಹೇಳಿದಾಗ ನಾನೇಕೆ ತೊಡೆ ತಟ್ಟಿಕೊಳ್ಳಲಿಲ್ಲ? ಯೋಚಿಸಿದೆ. ನನಗೆ ಬೇಕಾಗಿದ್ದದ್ದು ಮಾತ್ರೆಯಲ್ಲ. ಮಾತ್ರೆ ತಗೊಂಡ್ರಾ ಎನ್ನುವ ಮಾತು.

ಏಪ್ರಿಲ್ 22

ಟೈಲರಮ್ಮ ಪಾಸು. ಇನ್ನು ಕ್ಲಾಸಿಗೆ ಬರುವುದಿಲ್ಲ. ಪಾಸಾದವರೆಲ್ಲ ಹೋಗುತ್ತಾರೆ, ನನ್ನ ಕೆಲಸವೇ ಅದು.

ಸಂಜೆ ನಾಚಿಕೆ ಬಿಟ್ಟು ಆಸ್ಪತ್ರೆಯ ನಂಬರಿಗೆ ಮಾಡಿದೆ. ಅವಳೇ ಎತ್ತಿದಳು. ಈಗ ಮಂಡಿನೋವಿನವರ ಟ್ರಯಲ್ಲಿಗೆ ಹಾಕಿದ್ದಾರಂತೆ. ಯಾವುದೋ ಮಂಡಿಗಳಿಗೆ ಊಟ ಏನು ಎಂದು ಕೇಳುತ್ತಿರುತ್ತಾಳೆ. ಹೊಟ್ಟೆ ಉರಿಯಿತು.

"ನನ್ನ ಮಾತ್ರೆ ಬರೀ ಸಕ್ಕರೆಯಂತೆ, ಗೊತ್ತಾಯ್ತಾ?"

"ಗೊತ್ತಾಯ್ತು ಅಮ್ಮ. ನನಗೂ ಆವತ್ತೇ ಗೊತ್ತಾಗಿದ್ದು."

"ನಿನ್ನ ಫೋನು? ಅದೂ ಸಕ್ಕರೆನಾ?"

ಆ ಕಡೆ ಬೇರೆ ಫೋನುಗಳು ಹೊಡೆದುಕೊಳ್ಳುತ್ತಿದ್ದವು.

"ಫೋನ್ ಮಾಡೋದು ಡ್ಯೂಟಿನೇ ಅಮ್ಮ, ಸುಳ್ಳು ಹೇಳಲ್ಲ. ಆದ್ರೆ ಐದು ನಿಮಿಷ ಮೀರಬಾರದು ಅಂತ ರೂಲು. ನಿಮ್ಮಿಂದಾಗಿ ಆಫೀಸಲ್ಲಿ ಎಷ್ಟು ಸಲ ಬೈಸ್ಕೊಂಡಿದೀನಿ ಗೊತ್ತಾ?"

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಬಕೆಟ್ ಮೇಲೆ ಹೆಸರು ಬರೆದೆ ಅಮ್ಮ. ಆಮೇಲಿಂದ ಯಾರೂ ಮುಟ್ಟಿಲ್ಲ. ಇಡ್ಲಾ? ಇನ್ನೊಂದು ಲೈನ್ ಬರ್ತಿದೆ."

ಇಟ್ಟಳು. ಮತ್ತೆ ಮಾಡುತ್ತೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಐದು ನಿಮಿಷದ ಮೇಲಿನದ್ದೆಲ್ಲ ನನ್ನದಾಗಿತ್ತು. ಅಷ್ಟು ಸಾಕೇ? ಸಾಲದು. ಆದರೆ ಸುಳ್ಳಂತೂ ಅಲ್ಲ.

ಏಪ್ರಿಲ್ 26, ಭಾನುವಾರ ಬೆಳಿಗ್ಗೆ, ನಮ್ಮ ಗಾಡಿಯೊಳಗೆ

ಕವರ್ ತೆಗೆದೆ. ಬ್ಯಾಟರಿ ಸತ್ತಿತ್ತು. ಸ್ಕೂಲಿನ ಮೆಕ್ಯಾನಿಕ್ ಬಂದು ಎಬ್ಬಿಸಿಕೊಟ್ಟು ಹೋದ. ಗೇಟಿನಿಂದ ಹೊರಗೆ ತಂದು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಎದೆ ಹೊಡೆದುಕೊಳ್ಳುತ್ತಿದೆ. ಹೊಡೆದುಕೊಳ್ಳಲಿ, ಅದರ ಕೆಲಸ ಅದು.

ಪಕ್ಕದ ಸೀಟು ಖಾಲಿ. ಅದನ್ನು ನೋಡಬಾರದೆಂದೇ ಇಷ್ಟು ದಿನ ಇದನ್ನು ಮುಟ್ಟಿರಲಿಲ್ಲ. ನೋಡಿದೆ. ಕೆಳಗಿನ ಮ್ಯಾಟು ಒಂದು ಕಡೆ ಸವೆದು ತೂತು ಬಿದ್ದಿದೆ. ಪುಟ್ಟಿಯ ಬಲಗಾಲಿನ ಜಾಗ. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ... ಎಷ್ಟು ಅಣಕಿಸಿದ್ದೆ ಅವಳನ್ನು! ಎಷ್ಟು ವರ್ಷ ಒತ್ತಿದ್ದಾಳೆ, ನನಗಾಗಿ. ಈ ಗಾಡಿ ಒಂದು ದಿನವೂ ಯಾರಿಗೂ ತಾಗಿದ್ದಿಲ್ಲ.

ಅಳು ಬಂತು. ಅತ್ತುಕೊಂಡೆ. ಅತ್ತರೂ ಎದೆಗೆ ಏನೂ ಆಗಲಿಲ್ಲ.

ಕೆರೆ ಏರಿಯ ತನಕ ಹೋಗಿ ಬರುತ್ತೇನೆ. ಹಿಂದಿನಿಂದ ಯಾರೋ ಹಾರ್ನ್ ಹೊಡೆಯುತ್ತಿದ್ದಾನೆ — ಎದುರುಮನೆಯವನು, ಅವನ ಗೇಟಿಗೆ ಅಡ್ಡ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಬಂದೆನಪ್ಪಾ, ತೆಗೆದೆ. ಬೆಲ್ಟು. ಕನ್ನಡಿ. ಗೇರು.

ಕಾಲು ಬ್ರೇಕ್ ಮೇಲಿಟ್ಟಿರು ಪುಟ್ಟಿ, ನಾನು ಹೊರಟೆ.