ಕೆಂಪು ವೈರು ಹಾಕಿದವರು ಯಾರು

ಪುಟ್ಟಸ್ವಾಮಣ್ಣ,

ದಂಡಿಗನಹಳ್ಳಿಯಲ್ಲಿ ನಿನ್ನ ತಿಥಿಗೆ ಬಂದಿದ್ದಾಗ ಒಂದು ಮಾತು ನನ್ನ ಬಾಯಿಯವರೆಗೂ ಬಂದಿತ್ತು. ನಿನ್ನ ಹೆಂಡತಿ ಜಯಮ್ಮತ್ತಿಗೆ ನನ್ನನ್ನು ಎಲೆಯ ಮುಂದೆ ಕೂರಿಸಿ, "ಉಣ್ಣು ಕಣವ್ವ. ನಮ್ಮೂರ ಎಣ್ಮಗ್ಳು ಅಂತ ನಿನ್ನ ಎಷ್ಟು ನೆನ್ಸ್ಕತಿದ್ರು" ಅಂದರು. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಅಷ್ಟೊಂದು ಜನರ ನಡುವೆ ಹೇಗೆ ಹೇಳಲಿ? ಉಂಡು, ಕೈ ತೊಳೆದು, ಹೊಳೆನರಸೀಪುರದ ನಮ್ಮ ಮನೆಗೆ ಬಸ್ಸು ಹತ್ತಿಬಿಟ್ಟೆ. ಅದಕ್ಕೇ ಈ ಕಾಗದ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಅದನ್ನು ಮೊದಲಿನಿಂದ ಕೊನೆಯವರೆಗೆ ನಿನ್ನೆದುರು ನಾನು ಒಮ್ಮೆಯೂ ಹೇಳಿದವಳಲ್ಲ.

ಆ ಡಬ್ಬಗಳು ಮನೆಗೆ ಬಂದ ದಿನ ನೆನಪಿದೆಯಾ? ನನ್ನ ಮದುವೆಯಾಗಿ ನಾಲ್ಕು ತಿಂಗಳು. ನಮ್ಮ ಮನೆಯವರು ಹಾಸನದಿಂದ ಹೋಮ್ ಥಿಯೇಟರ್ ತಂದಿದ್ದರು. ನಮ್ಮ ಬೀದಿಗೆ ಅದೇ ಮೊದಲನೆಯದು. ಡಿವಿಡಿ ಹಾಕುವ ಪೆಟ್ಟಿಗೆ, ಐದು ಪುಟ್ಟ ಸ್ಪೀಕರು, ಜೊತೆಗೆ ಸ್ಟೂಲಿನಷ್ಟು ಎತ್ತರದ ಒಂದು ದಪ್ಪ ಸ್ಪೀಕರು. ಅದಕ್ಕೆ ಸಬ್‌ವೂಫರ್ ಅನ್ನುತ್ತಾರೆ ಎಂದು ನಾನೇ ಡಬ್ಬದಲ್ಲಿದ್ದ ಪುಸ್ತಕ ಓದಿ ಎಲ್ಲರಿಗೂ ಹೇಳಿದೆ. ಮಾರನೆಯ ದಿನವೇ ಅವರು ಟ್ರೈನಿಂಗ್ ಅಂತ ಮತ್ತೆ ಹಾಸನಕ್ಕೆ ಹೋದರು. ಭಾನುವಾರ ಅರಕಲಗೂಡಿನಿಂದ ನಾದಿನಿಯ ಸಂಸಾರ ಬರುವುದಿತ್ತು. ಅಷ್ಟರಲ್ಲಿ ಎಲ್ಲ ಜೋಡಿಸಿ ತೋರಿಸಬೇಕು ಅಂತ ನನಗೆ ಹಟ. ನಮ್ಮತ್ತೆ ಹೆಡ್‌ಮಿಸ್ಸಾಗಿ ನಿವೃತ್ತರಾದವರು, ಬೀದಿಗೆಲ್ಲ ದೊಡ್ಡ ಮಿಸ್ಸು. ಕನ್ನಡಕದ ಮೇಲಿಂದ ನೋಡಿ, "ಸೈನ್ಸ್ ಟೀಚರ್ ಅಂತೀಯ. ಇದೆಲ್ಲ ಬರುತ್ತೇನಮ್ಮ ನಿನಗೆ?" ಅಂದರು. "ಎಂಟನೇ ಕ್ಲಾಸಿಗೆ ವಿದ್ಯುಚ್ಛಕ್ತಿ ಪಾಠ ಮಾಡೋಳು ನಾನೇ ಅಲ್ವಾ ಅತ್ತೆ" ಅಂದೆ. ಆ ಉತ್ತರ ನೆನೆದರೆ ಈಗಲೂ...

ನಮ್ಮ ಬೀದಿಯ ಕರೆಂಟ್ ಕೆಲಸವೆಲ್ಲ ನಿನ್ನದೇ ಆಗಿತ್ತು. ನಿನ್ನನ್ನು ಕರೆಸಿದ್ದು ಹಾಲ್‌ನಲ್ಲಿ ಒಂದು ತ್ರೀ ಪಿನ್ ಪಾಯಿಂಟ್ ಹಾಕಿಸಲು. ನೀನು ಕಿಟಕಿಯ ಪಕ್ಕ ಪಾಯಿಂಟ್ ಕೂರಿಸಿ, ಟೆಸ್ಟರ್ ಇಟ್ಟು ನೋಡಿ, ತಲೆಯಾಡಿಸಿದೆ. "ಈ ಮನೆಗೆ ಅರ್ಥ್ ವೈರೇ ಇಲ್ಲ ಕಣವ್ವ, ಸೋರಿದ್ ಕರೆಂಟು ಭೂಮಿಗೆ ಇಳ್ಯಕ್ಕೆ ದಾರೀನೇ ಇಲ್ಲ. ನಾಳೆ ಇತ್ತಲಲ್ಲಿ ಗುಂಡಿ ತೆಗ್ದು, ಪೈಪ್ ಇಳ್ಸಿ, ಉಪ್ಪು ಇದ್ಲು ತುಂಬ್ತೀನಿ. ಅಲ್ಲೀಗಂಟ ಇದ್ರ ಸೊಚ್ಚು ಆಕ್ಬ್ಯಾಡ." ಸಬ್‌ವೂಫರಿನ ವೈರು ಆ ಪಾಯಿಂಟ್‌ವರೆಗೆ ಸಾಲುತ್ತಿರಲಿಲ್ಲ. ಎಕ್ಸ್‌ಟೆನ್ಶನ್ ಮಾಡಲು ಬೋರ್ಡು, ವೈರು ಎರಡನ್ನೂ ಟೇಬಲ್ಲಿನ ಮೇಲಿಟ್ಟು, "ಇದ್ನೂ ನಾಳೆ ನಾನೇ ಮಾಡ್ಕೊಡ್ತೀನಿ" ಅಂತ ಹೇಳಿಯೇ ಹೋಗಿದ್ದೆ. ಇನ್ನೆಷ್ಟು ಬಿಡಿಸಿ ಹೇಳಬೇಕಿತ್ತು ನೀನು?

ಮಾರನೆಯ ಬೆಳಿಗ್ಗೆ ಹಿತ್ತಲಿನಲ್ಲಿ ನಿನ್ನ ಗುದ್ದಲಿಯ ಸದ್ದು ಕೇಳುತ್ತಿತ್ತು. ನಾನು ಹಾಲ್‌ನಲ್ಲಿ ಆ ಬೋರ್ಡು ಬಿಚ್ಚಿ ಕುಳಿತಿದ್ದೆ. ಕೆಂಪು, ಕಪ್ಪು, ಹಸಿರು, ಮೂರು ವೈರು. ಪ್ಲಗ್ಗಿನ ಕಡೆ ಸರಿಯಾಗಿಯೇ ಹಾಕಿದೆ. ಬೋರ್ಡಿನ ಕಡೆ ಬಂದಾಗ ಮೇಲಿನ ತೂತು ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಕರೆಂಟು ಬರುವುದು ಅದರಲ್ಲೇ ಇರಬೇಕು ಅನ್ನಿಸಿ ಕೆಂಪು ವೈರನ್ನು ಅಲ್ಲಿಗೆ ಬಿಗಿದೆ. ಒಂದು ಕ್ಷಣ ಅನುಮಾನ ಬಂತು, ಅಣ್ಣ. ಸುಳ್ಳು ಹೇಳುವುದಿಲ್ಲ. ಅಡಿಗೆಮನೆ ದಾಟಿ ಹಿತ್ತಲ ಬಾಗಿಲಲ್ಲಿ ನಿಂತು "ಇದು ಸರಿಯಾ ನೋಡು" ಅಂದಿದ್ದರೆ ಮುಗಿದಿತ್ತು. ಆದರೆ ಅತ್ತೆಯ ಕಿವಿಗೆ ಬೀಳುತ್ತದಲ್ಲ! ಟೀಚರಮ್ಮ ಕೇಳಿ ಮಾಡಿದಳು ಅನ್ನಿಸಿಕೊಳ್ಳಬೇಕಲ್ಲ! ಸ್ಕ್ರೂ ಬಿಗಿದು, ಪ್ಲಗ್ ಸಿಕ್ಕಿಸಿ, ನೀನು ಹಾಕಬೇಡ ಅಂದ ಸ್ವಿಚ್ಚನ್ನೇ ಹಾಕಿದೆ. ಸಬ್‌ವೂಫರಿನ ದೀಪ ಹತ್ತಲಿಲ್ಲ. ಪೆಟ್ಟಿಗೆಯೇ ಕೆಟ್ಟಿರಬೇಕು ಅಂದುಕೊಂಡು, ಸ್ವಿಚ್ಚನ್ನು ಆರಿಸದೆ, ಅದಕ್ಕೆ ಬೆನ್ನು ಹಾಕಿ ಪುಸ್ತಕ ಓದುತ್ತ ಕುಳಿತೆ.

ಅತ್ತೆ ತುಳಸಿಗೆ ನೀರು ಹಾಕಿ ಒಳಗೆ ಬಂದರು. ಕೈ ಒದ್ದೆ, ಪಾದ ಒದ್ದೆ. ಕೆಂಪು ಗಾರೆಯ ನೆಲ ಆಗಷ್ಟೇ ಒರೆಸಿದ್ದು. ದೇವರ ಮನೆಗೆ ಹೋಗುವ ದಾರಿಗೆ ಸಬ್‌ವೂಫರ್ ಅಡ್ಡವಿತ್ತು. "ಇದನ್ನೇನು ನಟ್ಟನಡುವೆ ಇಟ್ಟಿದ್ದೀಯೆ" ಅನ್ನುವುದು ಕೇಳಿಸಿತು. ಆಮೇಲೆ ಒಂದು ಸದ್ದು. ಅದು ಕೂಗಲ್ಲ, ಉಸಿರು ಒಳಗೇ ಸಿಕ್ಕಿಕೊಂಡ ಸದ್ದು. ತಿರುಗಿ ನೋಡಿದರೆ ಹಿಂಬದಿಯ ಲೋಹದ ತಗಡನ್ನು ಅವರ ಕೈ ಹಿಡಿದುಕೊಂಡಿದೆ, ಬಿಡುತ್ತಿಲ್ಲ. ಮೈಯೆಲ್ಲ ಅದುರುತ್ತಿದೆ. ಕಣ್ಣುಗಳು ನನ್ನನ್ನೇ ನೋಡುತ್ತಿವೆ. ನಾನು ಎದ್ದು ಅವರನ್ನು ಹಿಡಿಯಲು ಕೈ ಚಾಚಿದೆ.

"ಮುಟ್ಟಬ್ಯಾಡಾ!"

ನೀರು ಕೇಳಲು ಗುದ್ದಲಿ ಹಿಡಿದೇ ಬಂದಿದ್ದ ನೀನು ಅಡಿಗೆಮನೆಯ ಬಾಗಿಲಲ್ಲಿದ್ದೆ. ಎರಡೇ ಹೆಜ್ಜೆ. ಗುದ್ದಲಿಯ ಮರದ ಕಾವಿನಿಂದ ಅವರ ಮಣಿಕಟ್ಟಿಗೆ ಬಲವಾಗಿ ಹೊಡೆದೆ. ಕೈ ಬಿಟ್ಟಿತು. ಅತ್ತೆ ನೆಲಕ್ಕೆ ಬಿದ್ದರು. ನೀನು ಸ್ವಿಚ್ ಆರಿಸಿ, ಅವರ ಎದೆಗೆ ಕಿವಿಯಿಟ್ಟು, "ಉಸ್ರೈತೆ, ಉಸ್ರೈತೆ. ಆಟೋ ಕರಿ ಓಗು!" ಅಂತ ಕಿರುಚಿದೆ. ನಾನು ಬರಿಗಾಲಲ್ಲೇ ಬೀದಿಗೆ ಓಡಿದೆ. ಆಸ್ಪತ್ರೆಯವರೆಗೂ ಅವರ ತಲೆ ನಿನ್ನ ತೊಡೆಯ ಮೇಲಿತ್ತು. ನಾನು ಪಕ್ಕದಲ್ಲಿ ಅವರ ಕಾಲು ಹಿಡಿದು ಕುಳಿತು, ಒಂದು ಸಲವಾದರೂ ಬೆರಳು ಅಲುಗಲಿ ಅಂತ...

ಸಂಜೆ ಆಸ್ಪತ್ರೆಯ ಪಡಸಾಲೆಯಲ್ಲಿ ಡಾಕ್ಟರು ಜೀವಕ್ಕೆ ಭಯವಿಲ್ಲ ಅಂದರು. ಅಂಗೈ ಸುಟ್ಟಿತ್ತು, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಅಷ್ಟು ಹೊತ್ತಿಗೆ ನೀನು ಮನೆಗೆ ಹೋಗಿ ಆ ಬೋರ್ಡನ್ನು ಬಿಚ್ಚಿ ನೋಡಿ ಬಂದಿದ್ದೆ. ನನ್ನ ಮುಖ ನೋಡಿ ಗೋಡೆಗೊರಗಿ ನಿಂತೆ. ಹಾಸನದಿಂದ ಓಡಿಬಂದ ನಮ್ಮ ಮನೆಯವರು ಕೇಳಿದ ಮೊದಲ ಮಾತು, "ಯಾರು ವೈರಿಂಗ್ ಮಾಡಿದ್ದು?" ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಅಷ್ಟರಲ್ಲಿ ನೀನು, "ನಾನೇ ಸಾ. ಕೆಂಪು ವೈರು ಅರ್ಥ್‌ಗೆ ಬಿದ್ದೋಗೈತೆ, ಕರೆಂಟು ಸೀದಾ ತಗಡಿಗೇ ಬಂದೈತೆ. ಕಣ್ಣು ಮಂಜಾಗ್ತಾವೆ ಸಾ ಈಗೀಗ. ತೆಪ್ಪಾಯ್ತು" ಅಂದುಬಿಟ್ಟೆ. ಅವರು ನಿನ್ನ ಕಾಲರ್ ಹಿಡಿದರು. ನೀನು ತಲೆ ತಗ್ಗಿಸಿದೆ. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಅತ್ತೆ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ನೀನು ಉಪ್ಪು, ಇದ್ದಿಲಿನ ಚೀಲ ಹೊತ್ತು ಬಂದೆಯಲ್ಲ, ಅರ್ಧ ತೆಗೆದ ಗುಂಡಿ ಮುಗಿಸಲು! ಯಾಕೆ ಬಂದೆ, ಅಣ್ಣ? ಅತ್ತೆ ಬ್ಯಾಂಡೇಜಿನ ಕೈ ಎತ್ತಿ, ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಬೈದರು. "ಕೊಲ್ಲೋ ಹಾಗೆ ವೈರ್ ಹಾಕಿ, ಮೇಲೆ ನನ್ನ ಮೂಳೆ ಮುರಿದೆ. ಈ ಬೀದಿಗೆ ಇನ್ನೊಂದು ಸಲ ಕಾಲಿಟ್ಟರೆ ನೋಡು!" ಅವರಿಗೆ ನೆನಪಿದ್ದದ್ದು ನೀನು ಕಾವು ಬೀಸಿದ್ದು ಮಾತ್ರ. ಬಾಗಿಲುಗಳೆಲ್ಲ ತೆರೆದವು. ನೀನು ಚೀಲವನ್ನು ಜಗಲಿಯ ಕೆಳಗಿಳಿಸಿ ಹೊರಟೆ. ದೊಡ್ಡ ಮಿಸ್ಸು ಹೇಳಿದ ಮೇಲೆ ಕೇಳಬೇಕೆ? ನಮ್ಮ ಬೀದಿಯಲ್ಲಿ, ಹಿಂದಿನ ಬೀದಿಯಲ್ಲಿ, ಯಾರೂ ನಿನ್ನನ್ನು ಕರೆಯಲಿಲ್ಲ. ನೀನು ಊರಿಗೆ ಹೋಗಿ ಪಂಪ್‌ಸೆಟ್ ರಿಪೇರಿಗೆ ಕುಳಿತೆ.

ತವರಿಗೆ ಬಂದ ನೆಪದಲ್ಲಿ ನಿನ್ನ ಜಗಲಿಗೆ ಬಂದೆನಲ್ಲ, ಆ ದಿನ ನಾನು ಅತ್ತದ್ದು ನಿನಗೆ ಇಷ್ಟವಾಗಲಿಲ್ಲ. "ಹೇಳಿಬಿಡ್ತೀನಿ ಅಣ್ಣ" ಅಂದೆ. "ಯಾತುಕ್ಕೆ? ನಾಕ್ ತಿಂಗ್ಳ ಸೊಸೆ ನೀನು. ನಂಗಾದ್ರೆ ಕೆಲ್ಸ ಓಯ್ತದೆ, ನಿಂಗೆ ಮನೇನೇ ಓಯ್ತದೆ. ನಿಮ್ಮಪ್ಪ ನಿನ್ನ ಕಳಿಸ್ವಾಗ ಒಂದ್ ಕಣ್ಣಿಟ್ಟಿರು ಪುಟ್ಸಾಮಿ ಅಂದಿದ್ದ" ಅಂದೆ ನೀನು. ಆಮೇಲೆ ಒಂದು ಹಳೆಯ ಬೋರ್ಡು ತಂದು ನನ್ನ ಮುಂದೆ ಎಸೆದೆ. ಆಗ ನಿನ್ನ ದನಿ ಗಡುಸಾಗಿತ್ತು. "ದೊಡ್ಡ ತೂತು ಯಾವ್ದು?" "ಅರ್ಥ್." "ಬಲಗಡೇದು?" "ಫೇಸ್. ಕೆಂಪು." "ಆಕು. ಬಿಚ್ಚು. ಇನ್ನೊಂದ್ಸಲ ಆಕು." ಎಷ್ಟು ಸಲ ಬಿಚ್ಚಿಸಿದೆ, ಎಷ್ಟು ಸಲ ಹಾಕಿಸಿದೆ! ಬೆರಳ ತುದಿ ಸುಲಿದಿತ್ತು. "ಅಳದ್ ಬುಟ್ಟು ಕೆಲ್ಸ ಕಲಿ" ಅಂದೆ. ನಾನು ಕಲಿತೆ. ನಿಜ ಹೇಳುವುದನ್ನು ಮಾತ್ರ ನಿನ್ನ ಮಾತಿನ ಹಿಂದೆ ಬಚ್ಚಿಟ್ಟೆ. ನೀನು ಬೇಡ ಅಂದದ್ದು ನನಗೆ ಎಷ್ಟು ಅನುಕೂಲವಾಯಿತು ಗೊತ್ತೇ?

ಎರಡು ವರ್ಷ ಆ ಡಬ್ಬಗಳು ಅಟ್ಟದ ಮೇಲಿದ್ದವು. ಅಷ್ಟರಲ್ಲಿ ಅರ್ಥ್ ಗುಂಡಿಯನ್ನು ನಾನೇ ನಿಂತು ಮುಗಿಸಿದ್ದೆ. ಒಂದು ರಜೆಯ ದಿನ ನಮ್ಮ ಮನೆಯವರು ಡಬ್ಬಗಳನ್ನು ಇಳಿಸಿ, "ಮಾರಿಬಿಡೋಣ ಇಲ್ಲ ಹಾಕಿಬಿಡೋಣ" ಅಂದರು. ನಾನು ಹಾಕುತ್ತೇನೆ ಅಂದೆ. ಮುಂದಿನ ಮೂರು ಸ್ಪೀಕರನ್ನು ಟಿವಿಯ ಸುತ್ತ ಇಟ್ಟು, ಹಿಂದಿನ ಎರಡನ್ನು ಮೊಳೆಗೆ ತೂಗುಹಾಕಿ, ವೈರನ್ನು ಗೋಡೆಯಂಚಿನಲ್ಲೇ ಎಳೆದೆ. ಸಬ್‌ವೂಫರನ್ನು ಯಾರ ಕಾಲಿಗೂ ಸಿಗದ ಮೂಲೆಗೆ ಸರಿಸಿದೆ. ಅತ್ತೆ ಹೊಸ್ತಿಲಾಚೆ ನಿಂತಿದ್ದರು, ಒಳಗೆ ಬರಲಿಲ್ಲ. ಸ್ವಿಚ್ ಹಾಕಿ, ಟೆಸ್ಟರನ್ನು ತಗಡಿಗಿಟ್ಟೆ. ಅದರ ದೀಪ ಉರಿಯಲಿಲ್ಲ. ಆದರೂ ನೀನು ಹೇಳಿಕೊಟ್ಟಂತೆ ಬೆರಳ ಹಿಂಬದಿಯನ್ನು ಮೆಲ್ಲಗೆ ತಾಗಿಸಿದೆ. ಏನೂ ಆಗಲಿಲ್ಲ. ಪರೀಕ್ಷೆಯ ಸದ್ದು ಎಡದ ಸ್ಪೀಕರಿನಿಂದ ನಡುವಿಗೆ, ನಡುವಿನಿಂದ ಬಲಕ್ಕೆ, ಆಮೇಲೆ ನಮ್ಮ ಬೆನ್ನ ಹಿಂದಕ್ಕೆ ಹೋಯಿತು. ಅತ್ತೆ ಬೆಚ್ಚಿ ತಿರುಗಿದರು. ಡಿಸ್ಕ್ ಹಾಕಿದಾಗ ಎಡಗಡೆಯ ದನಿ ಟೊಳ್ಳಾಗಿತ್ತು. ಅಲ್ಲಿ ಕೆಂಪು ಕಪ್ಪು ಅದಲುಬದಲಾಗಿತ್ತು, ಸರಿಮಾಡಿದೆ. ಅಡಿಗೆಮನೆಯ ಸ್ಟೀಲ್ ಡಬ್ಬಗಳು ಗುಯ್‌ಗುಟ್ಟಿದವು, ಸಬ್‌ವೂಫರಿನ ದನಿ ತಗ್ಗಿಸಿದೆ. ಅತ್ತೆ ಕೊನೆಗೂ ಬಂದು ಕುರ್ಚಿಯಲ್ಲಿ ಕುಳಿತು, "ಪರವಾಗಿಲ್ಲ ಶೈಲಾ. ಆ ಪುಟ್ಟಸ್ವಾಮಿಗಿಂತ ನೀನೇ ವಾಸಿ" ಅಂದರು. ಆಸ್ಪತ್ರೆಯಲ್ಲಿ ಸುಮ್ಮನಿದ್ದಾಗ ಹೆದರಿಕೆಯಿತ್ತು. ಆ ದಿನ ಸುಮ್ಮನಿದ್ದದ್ದಕ್ಕೆ ಯಾವ ಕಾರಣ ಕೊಡಲಿ?

ಈಗ ನಿನಗೆ ಗೊತ್ತಿಲ್ಲದ್ದು. ಹೋದ ತಿಂಗಳು ಮಹಡಿಯ ಕೋಣೆಗೆ ವೈರಿಂಗ್ ಮಾಡಿಸುವ ಮಾತು ಬಂತು. ಅತ್ತೆ, "ಯಾರನ್ನಾದರೂ ಕರೆಸಿ. ಆ ಸತ್ತವನ ಥರದವನು ಮಾತ್ರ ಬೇಡ" ಅಂದರು. ನಾನು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟೆ. "ಅವತ್ತು ವೈರ್ ಹಾಕಿದ್ದು ನಾನು ಅತ್ತೆ" ಅಂದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ, ಅನುಮಾನ ಬಂದೂ ಕೇಳದೆ ಇದ್ದದ್ದನ್ನೂ. ನಮ್ಮ ಮನೆಯವರು, "ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಹೇಳಿದೆ?" ಅಂತ ಎದ್ದು ಹೋದರು. ಅತ್ತೆ ತಮ್ಮ ಮಣಿಕಟ್ಟನ್ನೇ ನೋಡುತ್ತ, "ಹಾಗಾದರೆ ಅವನು ಹೊಡೆದದ್ದು?" ಅಂದರು. "ನಿಮ್ಮನ್ನ ಬಿಡಿಸೋಕೆ. ಅವನು ತಡೀದೆ ಇದ್ದಿದ್ರೆ ನಾನೂ ನಿಮ್ಮನ್ನ ಹಿಡ್ಕೊಳ್ತಿದ್ದೆ." ಅವರು ಊಟ ಬಿಟ್ಟು ಎದ್ದರು. ಐದು ದಿನ ನನ್ನ ಜೊತೆ ಮಾತಿಲ್ಲ. ನಾನು ಇಟ್ಟ ಕಾಫಿ ಆರಿಹೋಗುತ್ತಿತ್ತು. ಮನೆ ಹೋಗುತ್ತದೆ ಅಂದಿದ್ದೆಯಲ್ಲ, ಹೋಯಿತು ಅಂದುಕೊಂಡೆ.

ಆರನೆಯ ದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ಅವನ ಮನೆ ನಿನಗೆ ಗೊತ್ತಲ್ಲ, ನಡಿ" ಅಂದರು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸುವಾಗಲೂ ನನ್ನ ಕೈ ಹಿಡಿಯಲಿಲ್ಲ. ನಿನ್ನ ಜಗಲಿಯಲ್ಲಿ ಜಯಮ್ಮತ್ತಿಗೆ ಅವರೆಕಾಯಿ ಬಿಡಿಸುತ್ತಿದ್ದರು. ಅತ್ತೆ ನಿಂತೇ ಹೇಳಿದರು. "ನಿಮ್ಮ ಯಜಮಾನರು ನನ್ನ ಜೀವ ಉಳಿಸಿದರು. ನಾನು ಅವರನ್ನ ಬೀದೀಲಿ ನಿಲ್ಲಿಸಿ ಬೈದೆ. ತಪ್ಪು ಅವರದ್ದಲ್ಲ, ನನ್ನ ಸೊಸೆಯದ್ದು. ನಮ್ಮ ಬೀದಿಯ ಪ್ರತಿ ಮನೆಗೂ ಹೋಗಿ ಇದನ್ನ ಹೇಳ್ತೀನಿ. ಮೊದಲು ನಿಮಗೆ ಹೇಳಬೇಕಿತ್ತು."

ನಿನ್ನ ಹೆಂಡತಿಗೆ ಎಲ್ಲ ಗೊತ್ತಿರುತ್ತದೆ ಅಂತಲೇ ನಾನು ಇಷ್ಟು ದಿನ ನಂಬಿದ್ದೆ. ನೀನು ಅವರಿಗೂ ಹೇಳಿರಲಿಲ್ಲವಾ? ಜಯಮ್ಮತ್ತಿಗೆಯ ಕೈಯಿಂದ ಅವರೆಕಾಯಿ ಜಾರಿದವು. "ನಾನೂ ನಂಬ್ಬುಟ್ಟಿದ್ದೆ ಕಣ್ರವ್ವಾ. ಕಣ್ಣು ಕಾಣಲ್ಲ, ಯಾರ್ನಾದ್ರೂ ಸಾಯ್ಸ್ಬುಟ್ಟೀಯ, ಕರೆಂಟ್ ಕೆಲ್ಸ ಬುಟ್ಬುಡು ಅಂತ ದಿನಾ ಅಂತಿದ್ದೆ. ಒಂದ್ ಮಾತೂ ಎದ್ರಾಡ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ಬೈಯುತ್ತಾರೆ, ಬೈಯಲಿ ಅಂತ ಕಾದೆ. "ಅಂಗಾದ್ರೆ ಅವ್ರ ಕೈ ತೆಪ್ಪಿರ್ನಿಲ್ವಾ?" ಅಂದರು.

"ಇಲ್ಲ ಅತ್ತಿಗೆ."

"ಕಣ್ಣೂ ಚೆಂದಾಗಿತ್ತಾ?"

"ಚೆನ್ನಾಗಿತ್ತು. ಬೋರ್ಡ್ ಬಿಚ್ಚಿದ ತಕ್ಷಣ ಅಣ್ಣನಿಗೆ ತಪ್ಪು ಕಂಡಿತ್ತು."

ಅವರು ಎದ್ದು ಜಗಲಿಯ ತುದಿಗೆ ಬಂದು, ಪಕ್ಕದ ಮನೆಯಲ್ಲಿದ್ದ ನಿನ್ನ ಮಗನನ್ನು ಕೂಗಿದರು. ಆ ಕೂಗು ನಿನಗೆ ಕೇಳಿಸಬೇಕಿತ್ತು, ಅಣ್ಣ. "ಬಾರ್ಲಾ ಇಲ್ಲಿ! ನಿಮ್ಮಪ್ಪನ ಕೆಲ್ಸದಲ್ಲಿ ತೆಪ್ಪಿರ್ನಿಲ್ವಂತೆ ಕಣ್ಲಾ!"

ನಿನ್ನ ಊರ ತಂಗಿ,
ಶೈಲಾ