ಹಿಂಬಾಗಿಲಿನ ಹಗ್ಗ

ಮಾರ್ಚ್ ೧೪, ಗುರುವಾರ.

ಊಟಕ್ಕೆ ಕೂತಾಗ ಅಣ್ಣ ಮಕ್ಕಳ ಮುಂದೆ ಮತ್ತೆ ಅದೇ ಪುರಾಣ ಬಿಚ್ಚಿದ. ನಮ್ಮ ಹಳೇ ಸ್ಟೇಷನ್ ವ್ಯಾಗನ್ ಕಾರಿನ ಹಿಂಬಾಗಿಲ ಚಿಲಕ ಮುರಿದಿದ್ದಾಗ, ದಾರಿಯುದ್ದಕ್ಕೂ ಅದನ್ನು ಹಗ್ಗ ಕಟ್ಟಿ ಎಳೆದು ಹಿಡಿದವನು ಅವನಂತೆ. ಮೂವತ್ತು ವರ್ಷದಿಂದ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಪೆಟ್ಟಿಗೆಗಳ ಮಧ್ಯೆ ಮುದುರಿ ಕೂತು, ಅಂಗೈ ಕೆಂಪಾಗುವಂತೆ ಹಗ್ಗ ಹಿಡಿದವಳು ನಾನು. ಅವನು ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ.

ತಡೆಯಲಾರದೆ ಅಮ್ಮನನ್ನೇ ಕೇಳಿದೆ. "ನೀನೇ ಹೇಳಮ್ಮ, ಹಗ್ಗ ಹಿಡ್ಕೊಂಡಿದ್ದು ಯಾರು?"

ಅಮ್ಮ ತಟ್ಟೆ ಎತ್ತುತ್ತಾ ಹೇಳಿದಳು, "ಇಬ್ರೂ ಐದೇ ನಿಮಿಷಕ್ಕೆ ಮಲಗಿಬಿಡ್ತಿದ್ರಿ. ಹಗ್ಗದ ಇನ್ನೊಂದು ತುದಿ ಮುಂದಿನ ಸೀಟಲ್ಲಿ ನನ್ನ ಕೈಲಿತ್ತು."

ಮೂವತ್ತು ವರ್ಷ ನಮ್ಮ ಜಗಳ ಕೇಳಿಸಿಕೊಂಡೂ ತುಟಿ ಬಿಚ್ಚಲಿಲ್ಲ, ಮಹಾತಾಯಿ. ಇನ್ನು ಯಾರ ಮೇಲೆ ರೇಗಲಿ?

ಆದರೂ ನನ್ನ ಅಂಗೈ ಕೆಂಪಾಗಿದ್ದು ನಿಜ. ಆ ಐದು ನಿಮಿಷವಾದರೂ ನಾನೇ ಹಿಡಿದಿದ್ದೆ.